ತಪಸ್ಸುಕಾಲದಲ್ಲಿ ನಿರೀಕ್ಷೆ ಮತ್ತು ತಾಳ್ಮೆ

ತಪಸ್ಸುಕಾಲ ಅಥವಾ ಲೆಂಟ್ ಎಂಬುದು ಈಸ್ಟರ್ ಹಬ್ಬಕ್ಕೆ ಮುನ್ನ ಕ್ರೈಸ್ತರು ಪ್ರಾರ್ಥನೆ, ಉಪವಾಸ ಹಾಗೂ ದಾನಧರ್ಮಗಳಲ್ಲಿ ಕಳೆಯುವ ವ್ರತಾವಧಿ. ಪಾಶ್ಚಾತ್ಯ ಸಂಪ್ರದಾಯದ ಸಭೆಗಳಲ್ಲಿ ಇದು ವಿಭೂತಿ ಬುಧವಾರದಂದು ಆರಂಭವಾಗುತ್ತದೆ. ಅಂದಿನಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ, 40 ದಿನಗಳಾಗುತ್ತವೆ. ಪಶ್ಚಾತ್ತಾಪದ ಕಾಲವಾದ ಇದು ಸಂಕಷ್ಟದ ನಡುವೆ ನಿರೀಕ್ಷೆಯನ್ನು ಉಳಿಸಿಕೊಳ್ಳುವ ಅಭ್ಯಾಸದ ಕಾಲವೂ ಆಗಿದೆ.

ಬೈಬಲಿನ ಹಿನ್ನೆಲೆ

ನಲವತ್ತು ಎಂಬ ಸಂಖ್ಯೆ ಬೈಬಲಿನಲ್ಲಿ ಪರೀಕ್ಷೆಯ ಅವಧಿಯನ್ನು ಸೂಚಿಸುತ್ತದೆ. ಇಸ್ರಾಯೇಲ್ಯರು ಅರಣ್ಯದಲ್ಲಿ 40 ವರ್ಷ ಅಲೆದರು. ಯೇಸು 40 ದಿನ ಅಡವಿಯಲ್ಲಿ ಉಪವಾಸವಿದ್ದು ಶೋಧನೆಗೆ ಒಳಗಾದನು. ಪ್ರವಾದಿ ಎಲೀಯನು ಬೇಸತ್ತು ಸಾವನ್ನೇ ಬೇಡಿಕೊಂಡ ಮೇಲೆ, ದೇವದೂತನಿತ್ತ ರೊಟ್ಟಿ ಮತ್ತು ನೀರಿನ ಬಲದಿಂದ 40 ದಿನ ನಡೆದು ಹೋರೇಬ್ ಬೆಟ್ಟವನ್ನು ಸೇರಿದನು.

ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಪೌಲನು ಉಪದ್ರವದಿಂದ ತಾಳ್ಮೆಯೂ ತಾಳ್ಮೆಯಿಂದ ಪಕ್ವತೆಯೂ ಅದರಿಂದ ನಿರೀಕ್ಷೆಯೂ ಹುಟ್ಟುವ ಕ್ರಮವನ್ನು ವಿವರಿಸುತ್ತಾನೆ. ತಾಳ್ಮೆಗೆ ಅವನು ಬಳಸುವ ಗ್ರೀಕ್ ಪದ 'ಹುಪೊಮೊನೆ'. ಭಾರದ ಅಡಿಯಲ್ಲಿ ಕದಲದೆ ನಿಲ್ಲುವುದು ಎಂಬುದು ಅದರ ಮೂಲಾರ್ಥ. ಆಡುಗನ್ನಡದಲ್ಲಿ 'ನಿರೀಕ್ಷೆ' ಎಂದರೆ ಎದುರುನೋಡುವುದು; ಕನ್ನಡ ಬೈಬಲಿನಲ್ಲಿ ಅದು ದೇವರ ಮೇಲಿನ ಭರವಸೆಯನ್ನೂ ಒಳಗೊಳ್ಳುತ್ತದೆ.

ಆಚರಣೆಯಲ್ಲಿ ನಿರೀಕ್ಷೆಯ ಕುರುಹುಗಳು

ಹಣೆಗೆ ಹಚ್ಚುವ ಬೂದಿಯನ್ನು ಸಾಮಾನ್ಯವಾಗಿ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಸಿದ್ಧಪಡಿಸುತ್ತಾರೆ. ಕಥೋಲಿಕ ಆರಾಧನೆಯಲ್ಲಿ ಈ ಅವಧಿಯುದ್ದಕ್ಕೂ 'ಅಲ್ಲೆಲೂಯ' ಘೋಷವನ್ನು ಹಾಡುವುದಿಲ್ಲ; ಅದು ಈಸ್ಟರ್ ಜಾಗರಣೆಯಂದು ಮರಳಿ ಕೇಳಿಬರುತ್ತದೆ. ನಾಲ್ಕನೆಯ ಭಾನುವಾರ ಗುರುಗಳು ನೇರಳೆಯ ಬದಲು ಗುಲಾಬಿ ಬಣ್ಣದ ಉಡುಪನ್ನು ಧರಿಸುವ ರೂಢಿಯಿದೆ. ವ್ರತದ ನಡುವೆಯೇ ಮುಂಬರುವ ಸಂತೋಷವನ್ನು ಇದು ನೆನಪಿಸುತ್ತದೆ.

ಸಂಕಷ್ಟ ಕಾಲದ ನಿದರ್ಶನಗಳು

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದಲ್ಲಿ 1977ರ ತಪಸ್ಸುಕಾಲದಲ್ಲಿ, ಮಾರ್ಚ್ 12ರಂದು, ಬಡ ರೈತರ ಪರವಾಗಿದ್ದ ಗುರು ರುತಿಲಿಯೊ ಗ್ರಾಂದೆ ಹತರಾದರು. ಅವರ ಗೆಳೆಯ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅಂದಿನಿಂದ ದಬ್ಬಾಳಿಕೆಯ ವಿರುದ್ಧ ಬಹಿರಂಗವಾಗಿ ಮಾತನಾಡತೊಡಗಿದರು. 1980ರ ತಪಸ್ಸುಕಾಲದ ಐದನೆಯ ಭಾನುವಾರ, ಮಾರ್ಚ್ 23ರಂದು, ಜನರನ್ನು ಕೊಲ್ಲುವುದನ್ನು ನಿಲ್ಲಿಸಬೇಕೆಂದು ಅವರು ಸೈನಿಕರಿಗೆ ಕರೆಯಿತ್ತರು. ಮರುದಿನ ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯೊಂದರ ಪ್ರಾರ್ಥನಾಲಯದಲ್ಲಿ ಪೂಜೆ ಅರ್ಪಿಸುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ನೆಲಕ್ಕೆ ಬಿದ್ದು ಸತ್ತು ಫಲ ಕೊಡುವ ಗೋದಿಯ ಕಾಳಿನ ಸುವಾರ್ತಾಭಾಗವನ್ನು ಕುರಿತು ಅವರು ಆಗಷ್ಟೇ ಬೋಧಿಸಿದ್ದರು. ಆ ದೇಶದ ಅಂತರ್ಯುದ್ಧ ಕೊನೆಗೊಂಡದ್ದು 1992ರಲ್ಲಿ. 2018ರ ಅಕ್ಟೋಬರ್ 14ರಂದು ರೊಮೆರೊ ಅವರನ್ನು ಸಂತರೆಂದು ಘೋಷಿಸಲಾಯಿತು. ತಾಳ್ಮೆಯೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ ಎಂಬುದಕ್ಕೆ ಅವರ ಬದುಕು ನಿದರ್ಶನವಾಗಿದೆ.

ಕೋವಿಡ್ ಸಾಂಕ್ರಾಮಿಕದ ವೇಳೆ, 2020ರ ತಪಸ್ಸುಕಾಲದಲ್ಲಿ, ಅನೇಕ ದೇಶಗಳಲ್ಲಿ ಚರ್ಚುಗಳು ಮುಚ್ಚಿದ್ದವು. ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥಿಸಿದರು. ಅಂದು ಓದಿದ್ದು ಬಿರುಗಾಳಿಗೆ ಸಿಲುಕಿದ ದೋಣಿಯಲ್ಲಿ ಯೇಸು ಶಿಷ್ಯರೊಂದಿಗಿದ್ದ ಪ್ರಸಂಗ.

ಕರ್ನಾಟಕದಲ್ಲಿ

ಕರಾವಳಿಯ ಕೊಂಕಣಿ ಕ್ರೈಸ್ತರು ಈ ಕಾಲವನ್ನು 'ಕರೆಜ್ಮ್' ಎನ್ನುತ್ತಾರೆ. ಇದು ಪೋರ್ಚುಗೀಸಿನ 'ಕ್ವಾರೆಸ್ಮ' ಪದದಿಂದ ಬಂದುದು. ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಬಂಧನವು 1784ರ ವಿಭೂತಿ ಬುಧವಾರ ಆರಂಭವಾಯಿತೆಂಬುದು ಆ ಸಮುದಾಯದ ನೆನಪಿನಲ್ಲಿ ಉಳಿದಿದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಬದುಕುಳಿದವರಲ್ಲಿ ಅನೇಕರು ಊರಿಗೆ ಮರಳಿ ಚರ್ಚುಗಳನ್ನು ಪುನಃ ಕಟ್ಟಿಕೊಂಡರು. ಇಂದಿಗೂ ತಪಸ್ಸುಕಾಲದ ಶುಕ್ರವಾರಗಳಂದು ರಾಜ್ಯದ ಕಥೋಲಿಕ ಚರ್ಚುಗಳಲ್ಲಿ 14 ನಿಲುಗಡೆಗಳ ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುತ್ತದೆ.