ಸುಟ್ಟ ಕೈಗೆ ಪ್ಲಾಸ್ಟಿಕ್ ಸರ್ಜರಿ ಹರಾಮೇ?

ಬಿಸಿ ಗಂಜಿ ಬಿದ್ದು ಮಗನ ಕೈ ಸುಟ್ಟಿತ್ತು. ಪ್ಲಾಸ್ಟಿಕ್ ಸರ್ಜರಿ ಬೇಕು ಅಂದರಂತೆ ಡಾಕ್ಟರು. ಉಮ್ಮ ನನ್ನಲ್ಲಿ ಕೇಳಿದರು: “ಉಸ್ತಾದ್, ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸಿದ ಹಾಗೆ ಆಗುವುದಿಲ್ವಾ?”

ಚಂದ ಕಾಣಲೆಂದು ಸರಿಯಿರುವ ಮೂಗನ್ನು ಕೊಯ್ಸುವುದು ಬೇರೆ, ಕೆಟ್ಟದ್ದನ್ನು ಸರಿಪಡಿಸುವುದು ಬೇರೆ. ಸಹಾಬಿ ಅರ್ಫಜ (ರ) ಅವರ ಮೂಗು ಕುಲಾಬ್ ಯುದ್ಧದಲ್ಲಿ ತುಂಡಾಗಿತ್ತು. ಬೆಳ್ಳಿಯ ಮೂಗು ಇಟ್ಟುಕೊಂಡರು, ಅದು ನಾರತೊಡಗಿತು. ಆಗ ಚಿನ್ನದ್ದನ್ನು ಇಟ್ಟುಕೊಳ್ಳಲು ಹೇಳಿದ್ದು ಪ್ರವಾದಿಯವರೇ (ಸ). ಗಂಡಸರಿಗೆ ಚಿನ್ನ ಹರಾಮ್, ಆದರೂ! ಅಬೂದಾವೂದ್, ತಿರ್ಮಿದಿಯಲ್ಲಿ ಈ ಹದೀಸ್ ಇದೆ.

ಪ್ಲಾಸ್ಟಿಕ್ ಅಂದರೆ ಇಲ್ಲಿ ನಮ್ಮ ಬಕೆಟಿನ ಪ್ಲಾಸ್ಟಿಕ್ ಅಲ್ಲ. ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಹೆಚ್ಚಾಗಿ ತೊಡೆಯಿಂದ ತೆಳು ಚರ್ಮ ತೆಗೆದು ಗಾಯಕ್ಕೆ ಹೊದಿಸುತ್ತಾರೆ. ಆ ಚರ್ಮಕ್ಕೆ ಸ್ವಂತ ರಕ್ತವಿಲ್ಲ, ಅಡಿಯಿಂದಲೇ ಸಿಗಬೇಕು. ಕೆಳಗೆ ರಕ್ತ, ಕೀವು ನಿಂತರೆ ಅಥವಾ ಕೈ ಅಲುಗಿ ಚರ್ಮ ಜಾರಿದರೆ ಅದು ಸಾಯುತ್ತದೆ. ಎಂಬಿಬಿಎಸ್, ಎಂ.ಎಸ್. ಮುಗಿಸಿದವರೂ ಮತ್ತೆ 3 ವರ್ಷ ಎಂ.ಸಿಎಚ್. ಕಲಿಯುವುದು ಸುಮ್ಮನೆ ಅಲ್ಲ.

ಚರ್ಮ ಹಿಡಿದರೂ ಕೆಲಸ ಮುಗಿಯಲಿಲ್ಲ. ಅದು ತಿಂಗಳುಗಟ್ಟಲೆ ಕುಗ್ಗುತ್ತಾ ಬೆರಳನ್ನು ಮಡಚಿಸುತ್ತದೆ. ರಾತ್ರಿ ಸ್ಪ್ಲಿಂಟ್ ಕಟ್ಟಬೇಕು, ಹಗಲು ವ್ಯಾಯಾಮ ಮಾಡಿಸಬೇಕು. ಮಗು ಅಳುತ್ತದೆಂದು ಮನೆಯವರು ಬಿಚ್ಚಿಡುವುದೇ ದೊಡ್ಡ ತೊಂದರೆ.

ವುಳೂ ಹೇಗೆ ಅಂತಲೂ ಆ ಉಮ್ಮ ಕೇಳಿದರು. ಕಟ್ಟು ಬಿಚ್ಚಿದರೆ ಹಾನಿ ಎಂದಾದರೆ ಬಿಚ್ಚಬೇಡಿ. ಶಾಫಿಈ ಮದ್ಹಬ್ ಪ್ರಕಾರ ಸರಿಯಿರುವ ಭಾಗ ತೊಳೆದು, ಕಟ್ಟಿನ ಮೇಲೆ ಒದ್ದೆ ಕೈ ಸವರಿ, ತಯಮ್ಮುಮ್ ಕೂಡ ಮಾಡಬೇಕು.