ಜುಲೈನಲ್ಲಿ ಬಾಗಿಲಿಗೆ ರಂದಾ ಬೇಡ

ಶಾಲೆ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಬೆಳಗಾವಿಯ ಎಷ್ಟೋ ಮನೆಗಳ ಮುಂಬಾಗಿಲು ಹಟ ಹಿಡಿದಿರುತ್ತದೆ. ಪಾಟಿಚೀಲ ಹೆಗಲಿಗೇರಿಸಿದ ಹುಡುಗ ಎಳೆದರೂ ಅದು ಬರುವುದಿಲ್ಲ. ಅಪ್ಪನೇ ಬಂದು ಜಗ್ಗಬೇಕು. ಬಡಿಗೇರರನ್ನು ಕರೆಸಿ ರಂದಾ ಹೊಡೆಸಿದರೆ ಅಂದಿಗೆ ನೆಮ್ಮದಿ. ಆದರೆ ಮಾರ್ಚ್ ಪರೀಕ್ಷೆಯ ಹೊತ್ತಿಗೆ ಅದೇ ಬಾಗಿಲಿನ ಸಂದಿಯಲ್ಲಿ ಬೆರಳು ತೂರುತ್ತದೆ!

ಮರ ತೇವ ಹೀರಿದಾಗ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಲ್ಲವೇ ಅಲ್ಲ ಎನ್ನುವಷ್ಟು ಕಡಿಮೆ. ಬಿಸಿಲಿಗೆ ಮತ್ತೆ ಕುಗ್ಗುತ್ತದೆ. ಸಾಗವಾನಿಯಲ್ಲಿ ಈ ಆಟ ಕಡಿಮೆ, ಅಗ್ಗದ ಮರಗಳಲ್ಲಿ ಹೆಚ್ಚು. ಮಳೆಗಾಲದಲ್ಲಿ ಕೆತ್ತಿ ತೆಗೆದ ಮರವನ್ನು ಬೇಸಿಗೆಯಲ್ಲಿ ಯಾರು ತಂದು ಕೊಡುತ್ತಾರೆ?

ನಗರದಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರದಲ್ಲಿ ಮಳೆ ಇನ್ನೂ ಜೋರು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗಂತೂ ಕೇಳುವುದೇ ಬೇಡ. ಅಲ್ಲಿನ ಹಳೆಯ ಹೆಂಚಿನ ಮನೆಗಳ ಸೂರು ಕಟ್ಟೆಯನ್ನೂ ದಾಟಿ ಮುಂದೆ ಚಾಚಿರುತ್ತದೆ; ಹನಿ ಬಾಗಿಲನ್ನು ಮುಟ್ಟುವುದೇ ಅಪರೂಪ. ಇಂದಿನ ಸಿಮೆಂಟ್ ಮನೆಯ ಗೇಣುದ್ದದ ಸಜ್ಜಾ ಪಡುವಣದ ಗಾಳಿಮಳೆಯನ್ನು ತಡೆದೀತೇ?

ಇನ್ನು ಬಣ್ಣದ ಮಾತು. ಮರದ ತುಂಡೊಂದರ ಮೈಮೇಲೆ ಒಂದು ಹನಿ, ಕೊಯ್ದ ತುದಿಯ ಮೇಲೆ ಒಂದು ಹನಿ ಶಾಯಿ ಬಿಟ್ಟು ನೋಡಿ, ಮಕ್ಕಳೇ. ತುದಿ ಶಾಯಿಯನ್ನು ಬೇಗ ಕುಡಿಯುತ್ತದೆ. ಬೇರಿನಿಂದ ನೀರು ಏರುತ್ತಿದ್ದ ಕೊಳವೆಗಳು ಅಲ್ಲಿ ಬಾಯಿ ತೆರೆದಿರುತ್ತವೆ. ಬಾಗಿಲಿನ ಎರಡೂ ಬದಿಯ ನಿಲುವು ಪಟ್ಟಿಗಳ ಇಂಥ ತುದಿ ಇರುವುದು ಹೊಸ್ತಿಲ ಮೇಲಿನ ತಳದಂಚಿನಲ್ಲಿ. ಕಣ್ಣಿಗೆ ಬೀಳದ ಆ ಅಂಚಿಗೆ ಬಣ್ಣದವರ ಕುಂಚವೂ ಹೋಗುವುದಿಲ್ಲ. ಕೊಳೆತ ಹೆಚ್ಚಾಗಿ ಅಲ್ಲಿಂದಲೇ ಶುರು.

ಆದ್ದರಿಂದ ಕೆಲಸಕ್ಕೆ ಏಪ್ರಿಲ್–ಮೇ ರಜೆಯೇ ಸರಿ. ಮರ ಒಣಗಿರುತ್ತದೆ, ಮನೆಯಲ್ಲಿ ಕೈಗಳೂ ಇರುತ್ತವೆ. ಬಾಗಿಲನ್ನು ಕೀಲಿನಿಂದ ಬಿಡಿಸಿ ಮಲಗಿಸಿ. ಆದರೆ ಹಳೆಯ ಬಣ್ಣವನ್ನು ಉಜ್ಜುವ ಕೆಲಸ ಮಕ್ಕಳಿಗೆ ಬೇಡವೇ ಬೇಡ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಎಳೆಯರ ಮಿದುಳಿಗೆ ವಿಷವಾಗಬಹುದು. ದೊಡ್ಡವರೇ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಮೈ ಒದ್ದೆ ಮಾಡಿ ಉಜ್ಜಲಿ.

ಚೆನ್ನಾಗಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಎರಡು ಸಲ ಬಣ್ಣ. ತಳ, ತಲೆ, ಕೀಲಿನ ಬದಿ ಎಲ್ಲಕ್ಕೂ. ಮರದ ಗೆರೆ ಕಾಣಬೇಕೆಂಬ ಆಸೆಯಿದ್ದರೆ ಹೊರಗಿನ ಬಳಕೆಯ ವಾರ್ನಿಷ್ ತನ್ನಿ. ಅರಗಿನ ಪಾಲಿಶ್ ನೀರಿಗೆ ಬೆಳ್ಳಗಾಗುತ್ತದೆ. ಅಗಸೆ ಎಣ್ಣೆ ಚೆಂದವೇ, ಆದರೆ ಆಗಾಗ ಬಳಿಯಬೇಕು; ಖಾನಾಪುರದ ತೇವಕ್ಕೆ ಅದರ ಮೇಲೆ ಬೂಷ್ಟು ಬರುವುದೂ ಉಂಟು. ಅಲ್ಲಿಗೆ ಬಣ್ಣವೇ ವಾಸಿ ಎಂಬುದು ನನ್ನ ಎಣಿಕೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಬಯಲಲ್ಲಿ ಹರವಿ.

ಬಾಗಿಲನ್ನು ಮತ್ತೆ ಏರಿಸಿದ ಮೇಲೆ ಅದರ ಕೆಳಗೆ ಒಂದು ಪುಟ್ಟ ಕನ್ನಡಿ ಸರಿಸಿ ನೋಡಿ. ತಳದಂಚಿನಲ್ಲಿ ಬರಿ ಮರ ಕಂಡರೆ ಬಣ್ಣದವರಿಗೆ ಇನ್ನೂ ದುಡ್ಡು ಕೊಡಬೇಡಿ.