ಉಪ್ಪಿನಲ್ಲಿ ಬಾಳುವ ಸೂಕ್ಷ್ಮಜೀವಿಗಳು

ಉಪ್ಪಿಗೆ ಹಾಕಿದ ಮಾವಿನಕಾಯಿ ಬೇಗ ಕೆಡುವುದಿಲ್ಲ. ಉಪ್ಪು ಸೂಕ್ಷ್ಮಜೀವಿಗಳ ಒಡಲಿನ ನೀರನ್ನು ಹೀರಿ ಅವನ್ನು ಬೆಳೆಯಗೊಡದಿರುವುದೇ ಇದಕ್ಕೆ ಕಾರಣ. ಆದರೆ ಉಪ್ಪಿನಲ್ಲಿಯೇ ಬಾಳುವ ಜೀವಿಗಳೂ ಇವೆ.

ಕುಮಟಾ ತಾಲೂಕಿನ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನು ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುವರಷ್ಟೆ. ಇಂತಹ ಆಗರಗಳ ಗಾಢ ಉಪ್ಪುನೀರು ಹಲವು ದೇಶಗಳಲ್ಲಿ ಕೆಂಪಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಕೊಡುವ ಕೆರೊಟಿನಾಯ್ಡ್ ವರ್ಗದ ವಸ್ತುಗಳೇ ಈ ಜೀವಿಗಳಲ್ಲಿಯೂ ಇರುತ್ತವೆ.

ಬಣ್ಣ ಒಂದಾದರೂ ಇವುಗಳ ವಂಶ ಒಂದಲ್ಲ. ಹ್ಯಾಲೋಬ್ಯಾಕ್ಟೀರಿಯಂ ಆರ್ಕಿಯಾ ಗುಂಪಿನದು. ಗೋಬರ್ ಗ್ಯಾಸ್ ಹುಟ್ಟಿಸುವ ಜೀವಿಗಳು ಇದರ ದೂರದ ದಾಯಾದಿಗಳು. 2002ರಲ್ಲಿ ಹೆಸರು ಪಡೆದ ಸ್ಯಾಲಿನಿಬ್ಯಾಕ್ಟರ್ ಬ್ಯಾಕ್ಟೀರಿಯಾ ಗುಂಪಿನದು. ಎರಡೂ ಹೊರಗಿನ ಉಪ್ಪಿಗೆ ಸರಿದೂಗುವಷ್ಟು ಪೊಟ್ಯಾಸಿಯಂ ಅನ್ನು ಒಡಲಲ್ಲಿ ತುಂಬಿಕೊಳ್ಳುತ್ತವೆ. ಅದರಲ್ಲಿ ಕೆಲಸ ಮಾಡುವಂತೆ ಅವುಗಳ ಸಸಾರಜನಕಗಳೂ ಲಕ್ಷಾಂತರ ತಲೆಮಾರುಗಳಲ್ಲಿ ಮಾರ್ಪಟ್ಟಿವೆ.

ನಮ್ಮ ಜೋಳ, ಮೆಣಸಿನ ಗಿಡಗಳಿಗೆ ಈ ಶಕ್ತಿ ಇಲ್ಲ. ಆದುದರಿಂದ ಅಗಡಿ ಸುತ್ತಿನ ರೈತಬಾಂಧವರು ಹೊಲದಲ್ಲಿ ಸವಳು ಕಂಡರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು. ಬಸಿಗಾಲುವೆ ತೆಗೆದು ಸಿಹಿನೀರಿನಿಂದ ಉಪ್ಪನ್ನು ತೊಳೆಯಬೇಕು. ಕ್ಷಾರ ಹೆಚ್ಚಿದ್ದರೆ ಪರೀಕ್ಷೆಯಲ್ಲಿ ತಿಳಿಸಿದಷ್ಟು ಜಿಪ್ಸಂ ಹಾಕಬೇಕು.